ಎರಡು ಬೀಜ, ಸಿಪ್ಪೆ ತೆಗೆದದ್ದು

ಬಿತ್ತನೆಯ ಶೇಂಗಾವನ್ನು ಮಿಷನ್ನಿಗೆ ಹಾಕಿಸಲು ನಮ್ಮ ಅತ್ತೆ ಇವತ್ತಿಗೂ ಒಪ್ಪುವುದಿಲ್ಲ. ಮಿಷನ್ನಿನಲ್ಲಿ ಬೀಜದ ಮೂತಿ ಮುರಿಯುತ್ತದೆ, ಮೂತಿ ಮುರಿದ ಬೀಜ ಹುಟ್ಟುವುದಿಲ್ಲ ಎನ್ನುವುದು ಅವರ ವಾದ. ಹಾಗಾಗಿ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಂದು ವಾರ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಓಣಿಯ ನಾಲ್ಕೈದು ಹೆಂಗಸರು ಬಂದು ಕೂರುತ್ತಾರೆ. ಕಾಯಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು, ಒಂದೊಂದನ್ನೇ ನೆಲಕ್ಕೆ ಕುಕ್ಕಿ, ಬಾಯಿ ಬಿಟ್ಟದ್ದನ್ನು ಬೆರಳಿನಿಂದ ಬಿಡಿಸುತ್ತಾರೆ. ಸಂಜೆ ಹೊತ್ತಿಗೆ ಎಲ್ಲರ ಹೆಬ್ಬೆರಳೂ ಕೆಂಪಾಗಿರುತ್ತದೆ. ಆರು ವರ್ಷದ ಹಿಂದೆ ನನ್ನ ಮಗಳ ಉಸಿರು ನಿಲ್ಲುವುದರಲ್ಲಿದ್ದದ್ದು ಈ ಪಡಸಾಲೆಯಲ್ಲೇ, ಹೀಗೆ ಬೀಜ ಸುಲಿಯುವಾಗಲೇ.

ನಮ್ಮೂರು ಮೊಳಕಾಲ್ಮುರು ತಾಲ್ಲೂಕಿನದು. ಚಳ್ಳಕೆರೆಗೆ ಹೋಗುವ ದೊಡ್ಡ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ನನ್ನ ತವರು ಚಳ್ಳಕೆರೆ ಕಡೆಯ ದೊಡ್ಡಉಳ್ಳಾರ್ತಿ. ಅತ್ತೆಯ ತವರು ರಾಯದುರ್ಗದ ಕಡೆ, ಅರ್ಧ ಮಾತು ತೆಲುಗು. ನಾನು ಬಿ.ಎಡ್. ಮಾಡಿದವಳು, ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಬಾಯಿ ಜೋರು. ಮದುವೆಯಾಗಿ ಬಂದ ವರ್ಷದಲ್ಲೇ ಓಣಿಯವರು ನನ್ನನ್ನು ಅಳೆದು ತೂಗಿ, ಇವಳ ತಂಟೆಗೆ ಹೋಗಬಾರದು ಎಂದು ತೀರ್ಮಾನಿಸಿಬಿಟ್ಟಿದ್ದರು. ನನಗೆ ಅದು ಹೆಮ್ಮೆಯ ವಿಷಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಗಂಡ ಆಗ ಕುದಾಪುರದ ಕಡೆ ಸರ್ಕಾರಿ ಸಂಶೋಧನಾ ಸಂಸ್ಥೆಗಳ ಹೊಸ ಕಟ್ಟಡಗಳಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದರು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಕೆಲಸದ ಜಾಗಕ್ಕೆ ಫೋನ್ ಒಯ್ಯುವಂತಿರಲಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದರೆ ಸಂಜೆ ಆರರವರೆಗೆ ಅವರು ನಮ್ಮ ಪಾಲಿಗೆ ಇಲ್ಲದ ಹಾಗೆ.

ಇದಕ್ಕಿಂತ ಒಂದು ತಿಂಗಳು ಮುಂಚೆ ನಡೆದ ಒಂದು ಜಗಳವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅತ್ತೆ ಮಗುವಿನ ಅಂಗೈಗೆ ನಾಲ್ಕು ಹುರಿಗಡಲೆ ಹಾಕಿದ್ದರು. ಮಗಳಿಗೆ ಆಗ ಒಂದೂವರೆ ವರ್ಷ. ನಾನು ನೋಡಿದವಳೇ ಕಸಿದು ಬೀದಿಗೆ ಎಸೆದೆ. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರೆಲ್ಲ ಕೇಳುವ ಹಾಗೆ ಕೂಗಾಡಿದೆ. "ಗಂಟಲಲ್ಲಿ ಸಿಕ್ಕೊಂಡ್ರೆ ಯಾರು ಹೊಣೆ ಅತ್ತೆ? ನಿಮ್ ಕಾಲ ಬೇರೆ, ಈಗಿನ ಕಾಲ ಬೇರೆ. ಮೂರು ವರ್ಷ ತುಂಬೋವರ್ಗೂ ಈ ಕೂಸಿನ ಬಾಯಿಗೆ ಕಾಳು, ಬೀಜ ಅಂತ ಏನೂ ಹೋಗ್ಬಾರ್ದು. ಹೇಳೀನಿ." ಅತ್ತೆ ಉಳಿದ ಕಡಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದರು. ಆ ನಿಯಮ ನನ್ನದು. ಅದನ್ನು ಊರಿಗೆಲ್ಲ ಸಾರಿದವಳೂ ನಾನು.

ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರು. ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ, ನಾನೂ ಸುಲಿಯಲು ಕೂತಿದ್ದೆ. ಪಕ್ಕದ ಮನೆಯ ಹೆಂಗಸು ಮತ್ತು ನಾನು ಒಂದು ವಿಷಯಕ್ಕೆ ವಾದಕ್ಕೆ ಬಿದ್ದಿದ್ದೆವು; ಯಾವ ವಿಷಯ ಅನ್ನುವುದು ಈಗ ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರುವುದಿಲ್ಲ. ಮಗಳು ಹೆಗಲ ಮೇಲೆ ಬಿದ್ದು, ಜಡೆ ಎಳೆದು, ರಂಪ ಮಾಡುತ್ತಿದ್ದಳು. ವಾದ ಕೈತಪ್ಪುತ್ತದೆ ಎಂಬ ಸಿಟ್ಟಿಗೆ, ಮಡಿಲಲ್ಲಿದ್ದ ಎರಡು ಬೀಜ ತೆಗೆದು, ಉಗುರಿನಿಂದ ಕೆಂಪು ಸಿಪ್ಪೆ ಉಜ್ಜಿ, ಅವಳ ಬಾಯಿಗೆ ತುರುಕಿದೆ. ಸುಮ್ಮನಿರು ಎಂದು ಬೆನ್ನಿಗೆ ಒಂದು ಏಟನ್ನೂ ಹಾಕಿದೆ. ಜೋರಾಗಿ ಅಲ್ಲ. ಆದರೆ ಅವಳು ಅಳಲು ಬಾಯಿ ತೆರೆದು ಉಸಿರು ಎಳೆದುಕೊಂಡಳು.

ಕೆಮ್ಮು ಶುರುವಾಯಿತು. ಅಂಥ ಕೆಮ್ಮನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಣ್ಣು ಮೇಲಕ್ಕೆ ಹೋದವು, ತುಟಿ ನೇರಳೆ ಹಣ್ಣು ತಿಂದ ಹಾಗೆ ಕಪ್ಪಗಾದವು. ಅತ್ತೆ ಒಳಗಿನಿಂದ ನೀರಿನ ಚೊಂಬು ಹಿಡಿದು ಬರುತ್ತಿದ್ದವರು ಚೊಂಬು ಅಲ್ಲೇ ಬಿಟ್ಟು ಓಡಿ ಬಂದು, ಮಗುವನ್ನು ಕಿತ್ತುಕೊಂಡು, ನೆತ್ತಿ ತಟ್ಟಿ, ನೆತ್ತಿಯ ಮೇಲೆ ಉಫ್ ಉಫ್ ಎಂದು ಊದಿದರು.

"ನೆತ್ತಿ ಹತ್ತೈತೆ, ಯಾರೋ ನೆನೆಸ್ಕೊಂಡವ್ರೆ," ಎಂದಳು ಪಕ್ಕದ ಮನೆಯವಳು. ನಮ್ಮಲ್ಲಿ ಹೀಗೇ. ಯಾರಿಗಾದರೂ ನೆತ್ತಿ ಹತ್ತಿದರೆ, ದೂರದಲ್ಲಿರುವವರು ಯಾರೋ ನೆನೆಸಿಕೊಂಡರು ಎಂದು ಒಬ್ಬೊಬ್ಬರ ಹೆಸರು ಹಿಡಿಯುತ್ತಾರೆ, ಯಾರ ಹೆಸರಿಗೆ ಕೆಮ್ಮು ನಿಲ್ಲುತ್ತದೋ ನೆನೆಸಿಕೊಂಡವರು ಅವರೇ. ಹೆಂಗಸರು ಸೋದರಮಾವ, ಚಿಕ್ಕಮ್ಮ ಎಂದು ಶುರುಮಾಡಿದರು. "ಅವರಪ್ಪನೇ ಇರ್ಬೇಕು" ಎಂದು ಯಾರೋ ಅಂದ ಹೊತ್ತಿಗೆ ಮಗಳು ದೀರ್ಘವಾಗಿ ಉಸಿರೆಳೆದು ಅಳತೊಡಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹತ್ತು ನಿಮಿಷಕ್ಕೆ ಮಗಳು ಹಾಲು ಕುಡಿದು, ಚೊಂಬಿನಿಂದ ಚೆಲ್ಲಿದ ನೀರಿನಲ್ಲಿ ಕೈ ಬಡಿದು ಆಡುತ್ತಿದ್ದಳು. ಬಾಯಿಯಲ್ಲಿ ಬೀಜ ಇರಲಿಲ್ಲ. ನುಂಗಿರಬೇಕು ಅಂದುಕೊಂಡೆ. ಕೊಟ್ಟದ್ದನ್ನು ಯಾರೂ ನೋಡಿಲ್ಲ ಎಂದೂ ಅಂದುಕೊಂಡೆ. ಪಕ್ಕದ ಮನೆಯವಳು ತಲೆ ಬಗ್ಗಿಸಿ ಕಾಯಿ ಕುಕ್ಕುತ್ತಿದ್ದಳು, ಅತ್ತೆ ಒಳಗಿದ್ದರು.

ಸಂಜೆ ಗಂಡ ಫೋನ್ ಮಾಡಿದಾಗ ಕೇಳಿದೆ, "ಬೆಳಗ್ಗೆ ಹನ್ನೊಂದಕ್ಕೆ ಮಗಳನ್ನ ನೆನೆಸ್ಕೊಂಡಿದ್ರಾ?" "ಯಾವಾಗ್ಲೂ ನೆನೆಸ್ಕೊಂತಾನೇ ಇರ್ತೀನಿ, ಗಡಿಯಾರ ನೋಡ್ಕೊಂಡು ನೆನೆಸ್ಕೊಳ್ಳಾಕಾಗ್ತತಾ" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮರುದಿನ ಸಣ್ಣ ಕೆಮ್ಮು. ಅದಕ್ಕೆ ಕಾರಣ ಬೇಕಿತ್ತಲ್ಲ, ನಾನು ಅತ್ತೆಯನ್ನು ಹಿಡಿದೆ. ಗಾಳಿ ಹೊತ್ತಿನಲ್ಲಿ ತಲೆಗೆ ಎಣ್ಣೆ ಹಚ್ಚಿ ಎರೆದಿರಿ, ಮೊಸರನ್ನ ತಿನ್ನಿಸಿದಿರಿ, ಅದಕ್ಕೇ ನೆಗಡಿ ಆಯಿತು ಎಂದು ಎಗರಾಡಿದೆ. ಬೇರೆ ದಿನವಾಗಿದ್ದರೆ ಅತ್ತೆ ಎರಡು ಮಾತು ತೆಲುಗಿನಲ್ಲಾದರೂ ಗೊಣಗುತ್ತಿದ್ದರು. ಅವತ್ತು ನನ್ನ ಮುಖವನ್ನು ಸುಮ್ಮನೆ ನೋಡಿದರು. ಊರಿನಲ್ಲಿ ಔಷಧ ಕೊಡುವವರೊಬ್ಬರು ಇದ್ದರು, ಅವರಿಂದ ಕೆಮ್ಮಿನ ಸಿರಪ್ಪು ತಂದು ಕುಡಿಸಿದೆ. ಸಂಜೆ ಹೊತ್ತಿಗೆ ಕೆಮ್ಮು ಕಡಿಮೆಯಾಯಿತು. ಆದರೆ ಮಗಳನ್ನು ಎದೆಗೆ ಒರಗಿಸಿಕೊಂಡಾಗ ಅವಳ ಬೆನ್ನಿನೊಳಗಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಕೇಳುತ್ತಿತ್ತು, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ.

ಬಚ್ಚಲಿಗೆ ಹೋಗಿ ಫೋನಿನಲ್ಲಿ ಹುಡುಕಿದೆ. ಮಗು, ಶೇಂಗಾ ಬೀಜ, ಉಸಿರು. ಮೊದಲು ಜೋರು ಕೆಮ್ಮು, ಆಮೇಲೆ ಏನೂ ಆಗದವರ ಹಾಗೆ ಆಟ, ಆಮೇಲೆ ಒಂದೇ ಕಡೆ ಸಿಳ್ಳೆ, ಆಮೇಲೆ ಜ್ವರ. ತಕ್ಷಣ ಆಸ್ಪತ್ರೆಗೆ ಹೋಗಿ ಎಂದು ಬರೆದಿತ್ತು. ಫೋನ್ ಆರಿಸಿ, ಮುಖ ತೊಳೆದುಕೊಂಡು ಹೊರಗೆ ಬಂದೆ. ಯಾರಿಗೂ ಹೇಳಲಿಲ್ಲ. ನುಂಗಿರುತ್ತಾಳೆ, ಇದು ನೆಗಡಿಯೇ, ನಾಳೆ ಹೊತ್ತಿಗೆ ಸರಿಹೋಗುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮಗಳಿಗೆ ಏನಾದರೂ ಆದರೆ ಎಂಬ ಭಯ ಇತ್ತು. ಅದರ ಮೇಲೆ ಇನ್ನೊಂದು ಭಯ ಕೂತಿತ್ತು: ಆಸ್ಪತ್ರೆಯಲ್ಲಿ ಕೇಳುತ್ತಾರೆ, ನಾನೇ ಕೊಟ್ಟೆ ಎಂದು ಹೇಳಬೇಕಾಗುತ್ತದೆ, ಹುರಿಗಡಲೆಗೆ ಊರು ಒಂದು ಮಾಡಿದವಳ ಬಣ್ಣ ಬಯಲಾಗುತ್ತದೆ. ಮೇಲೆ ಕೂತ ಭಯವೇ ಗೆದ್ದಿತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆದರೆ ನಡೆದದ್ದು ಹೀಗೆಯೇ.

ಮೂರನೆಯ ದಿನ ಬೆಳಿಗ್ಗೆ ಮೈ ಕೆಂಡವಾಗಿತ್ತು. ಹಾಲು ಮುಟ್ಟಲಿಲ್ಲ. ಆಟದ ಡಬ್ಬಿ ಮುಂದೆ ಇಟ್ಟರೂ ಕೈ ಚಾಚಲಿಲ್ಲ. ಹೆಂಗಸರು ಅವತ್ತೂ ಬೀಜ ಸುಲಿಯಲು ಬಂದಿದ್ದರು, ಅತ್ತೆ ಅವರನ್ನು ಕಳಿಸಿಬಿಟ್ಟರು. ಬಂದು ನನ್ನ ಪಕ್ಕ ಕೂತು, ಮಗಳ ಅಂಗಿ ಮೇಲಕ್ಕೆತ್ತಿದರು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಂಡಿ ಬೀಳುತ್ತಿತ್ತು.

"ನೋಡವ್ವ," ಎಂದರು. "ಕುರಿಮರಿ ಹಿಂಗೆ ಪಕ್ಕೆ ಎಳೆದ್ರೆ ನಮ್ಮಪ್ಪ ಅದನ್ನ ಹೆಗಲ ಮ್ಯಾಲೆ ಹಾಕ್ಕೊಂಡು ಅಲ್ಲಿಂದ್ಲೇ ಹೊಳ್ಳಿ ಬರ್ತಿದ್ದ. ಸಂಜೆತನ ಕಾಯ್ತಿರ್ಲಿಲ್ಲ. ಏಳು, ಆಸ್ಪತ್ರೆಗೆ ಹೋಗಾನ."

"ಜ್ವರದ ಔಷಧಿ ಕೊಟ್ಟೀನಿ ಅತ್ತೆ. ಇಳೀತತೆ. ಅವರು ಸಂಜೆ ಫೋನ್ ಮಾಡ್ತಾರೆ, ಒಂದು ಮಾತು ಕೇಳಿ ಹೋಗಾನ."

"ಅವನ್ನ ಕೇಳಾಕೆ ಏನೈತೆ? ಅವನೇನು ಡಾಕ್ಟ್ರಾ?"

ಅತ್ತೆ ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಇಡೀ ಮನೆಗೆ ಓದಿದವಳು ನಾನು. ಹಿಂದೆ ಅತ್ತೆ ಅಂತ್ರ, ತಾಯತ ಕಟ್ಟಿಸೋಣ ಎಂದಾಗಲೆಲ್ಲ ಆಸ್ಪತ್ರೆ ಆಸ್ಪತ್ರೆ ಎಂದು ಹಟ ಹಿಡಿದವಳು ನಾನು. ಅವತ್ತು ನಾನು ನೆವ ಹುಡುಕುತ್ತಿದ್ದೆ, ಅವರು ಚಪ್ಪಲಿ ಮೆಟ್ಟಿ ನಿಂತಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಹತ್ತಿರದ ಗಾಡಿ ಹೆರಿಗೆ ಕೇಸು ಕರೆದುಕೊಂಡು ಹೋಗಿದೆ, ಬರಲು ಮುಕ್ಕಾಲು ಗಂಟೆ ಬೇಕು ಎಂದರು. ನಿಜ ಹೇಳುತ್ತೇನೆ, ಮುಕ್ಕಾಲು ಗಂಟೆ ಎಂದಾಗ ನನಗೆ ಒಂದು ಕ್ಷಣ ಸಮಾಧಾನವೇ ಆಯಿತು. ಕಾಯೋಣ ಅತ್ತೆ ಎಂದೆ. ಅವರು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಮಗುವನ್ನು ಸೆರಗಿನೊಳಗೆ ಹಾಕಿಕೊಂಡು ಬೀದಿಗೆ ಇಳಿದರು. ನಾನು ಬ್ಯಾಗು ಹಿಡಿದು ಹಿಂದೆ ಓಡಿದೆ. ಹುಲ್ಲು ಹೇರಿಕೊಂಡು ಹೊರಟಿದ್ದ ಟಂಟಂ ಆಟೋ ಒಂದರಲ್ಲಿ ದೊಡ್ಡ ರಸ್ತೆಯವರೆಗೆ ಬಂದೆವು.

ಅಲ್ಲಿ ಇನ್ನೊಂದು ತಕರಾರು. ಒಂದು ಕಡೆ ಮೊಳಕಾಲ್ಮುರು, ಹತ್ತಿರ. ಇನ್ನೊಂದು ಕಡೆ ಚಳ್ಳಕೆರೆ, ದೂರ. ಚಳ್ಳಕೆರೆಯಲ್ಲಿ ಮಕ್ಕಳ ಡಾಕ್ಟರೊಬ್ಬರು ಇದ್ದರು, ಮಗಳು ಹುಟ್ಟಿದಾಗಿನಿಂದ ಅವಳನ್ನು ನೋಡಿದವರು. ನಾನು ಹತ್ತಿರದ್ದಕ್ಕೇ ಹೋಗೋಣ ಎಂದೆ. ಅದು ಸರಿಯಾದ ಮಾತೇ, ಬೇರೆ ಯಾರು ಕೇಳಿದರೂ ಸರಿ ಅನ್ನುತ್ತಿದ್ದರು. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಗುರುತಿಲ್ಲದ ಜಾಗದಲ್ಲಿ ಸಾಲಿನಲ್ಲಿ ನಿಂತು ಜ್ವರ, ಕೆಮ್ಮು ಎಂದಷ್ಟೇ ಹೇಳಿ ಔಷಧಿ ತಂದುಬಿಡಬಹುದು. ಮಕ್ಕಳ ಡಾಕ್ಟರು ಹಾಗೆ ಬಿಡುವವರಲ್ಲ, ಕೆದಕಿ ಕೆದಕಿ ಕೇಳುವವರು. ಅಷ್ಟರಲ್ಲಿ ಚಳ್ಳಕೆರೆಯ ಬಸ್ಸು ಕಾಣಿಸಿತು. ಅತ್ತೆ ರಸ್ತೆಯ ಮಧ್ಯಕ್ಕೇ ಹೋಗಿ ಕೈ ಅಡ್ಡ ಹಿಡಿದರು.

ಬಸ್ಸಿನಲ್ಲಿ ಕಂಡಕ್ಟರು ಮಗುವಿನ ಮುಖ ನೋಡಿ, ಮುಂದಿನ ಸೀಟಿನವರನ್ನು ಎಬ್ಬಿಸಿ ನಮ್ಮನ್ನು ಕೂರಿಸಿದರು. ಕಿಟಕಿಯಾಚೆ ಒಣ ಹುಲ್ಲಿನ ಬಯಲು, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ, ರಸ್ತೆ ದಾಟುವ ಕುರಿ ಹಿಂಡು. ಪ್ರತಿ ಹಿಂಡಿಗೂ ಬಸ್ಸು ನಿಲ್ಲಬೇಕು. ನಾನು ಕುರಿ ಕಾಯುವವರನ್ನು ಮನಸ್ಸಿನಲ್ಲೇ ಬೈದೆ, ಡ್ರೈವರನನ್ನು ಬೈದೆ, ಗಂಡನ ಕೆಲಸದ ಗೇಟನ್ನು ಬೈದೆ. ಬೈಯುವುದು ನಿಂತರೆ ಮಗಳ ಉಸಿರು ಕೇಳಿಸುತ್ತಿತ್ತು. ಅರ್ಧ ದಾರಿಯಲ್ಲಿ ಅವಳು ಅಳುವುದನ್ನು ನಿಲ್ಲಿಸಿ ನಿದ್ದೆಗೆ ಜಾರಿದಳು. ಅದು ನಿದ್ದೆ ಅಲ್ಲ ಅನ್ನಿಸಿ ಅಂಗಾಲು ಚಿವುಟಿದೆ. ಮುಖ ಕಿವುಚಿದಳು, ಸದ್ದು ಬರಲಿಲ್ಲ. ಅತ್ತೆ ಅವಳ ಕಿವಿಯ ಹತ್ತಿರ ಬಾಗಿ "ಏಂ ಕಾದು ಬುಜ್ಜಿ, ಏಂ ಕಾದು" ಎಂದು ತೆಲುಗಿನಲ್ಲಿ ಹೇಳುತ್ತಲೇ ಇದ್ದರು. ಏನೂ ಆಗಲ್ಲ ಎಂದು.

ಚಳ್ಳಕೆರೆ ಬಂದಂತೆ ಎಣ್ಣೆ ಮಿಲ್ಲುಗಳ ವಾಸನೆ ಬಸ್ಸಿನೊಳಗೆ ನುಗ್ಗಿತು. ಹುಟ್ಟಿದಾಗಿನಿಂದ ಕುಡಿದು ಬೆಳೆದ ಗಾಳಿ ಅದು. ಅವತ್ತು ಶೇಂಗಾ ಹಿಂಡಿಯ ಆ ಘಾಟಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಹೇಳಿಬಿಡುತ್ತೇನೆ ಎಂದು ಆಗ ಗಟ್ಟಿ ಮಾಡಿಕೊಂಡೆ. ಬಸ್ಸಿಳಿದು ಆಟೋ ಹತ್ತುವಾಗಲೂ ಹೇಳುತ್ತೇನೆ ಅಂದುಕೊಂಡಿದ್ದೆ.

ಕ್ಲಿನಿಕ್ಕಿನಲ್ಲಿ ನಮ್ಮನ್ನು ನೋಡಿದ ಕೂಡಲೇ ನರ್ಸು ಸೀದಾ ಒಳಗೆ ಕರೆದುಕೊಂಡು ಹೋದಳು. ಡಾಕ್ಟರು ಮೂಗಿಗೆ ಆಕ್ಸಿಜನ್ ಇಟ್ಟು, ಎದೆಗೆ ಸ್ಟೆತಸ್ಕೋಪು ಹಚ್ಚಿದರು. ಎಡಕ್ಕೆ ಇಟ್ಟರು, ಬಲಕ್ಕೆ ಇಟ್ಟರು, ಬೆನ್ನಿಗೆ ಇಟ್ಟರು, ಮತ್ತೆ ಬಲಕ್ಕೇ ಬಂದರು.

"ಬಲಗಡೆ ಗಾಳಿನೇ ಸರಿಯಾಗಿ ಹೋಗ್ತಿಲ್ಲ," ಎಂದರು. ಸ್ಟೆತಸ್ಕೋಪು ತೆಗೆದು ನನ್ನ ಕಣ್ಣನ್ನೇ ನೋಡಿ ಕೇಳಿದರು. "ಏನಾದ್ರೂ ಬಾಯಿಗೆ ಹಾಕ್ಕೊಂಡಿದ್ಲಾ ಅಮ್ಮ? ಶೇಂಗಾ, ಕಡ್ಲೆ, ಮಣಿ, ಗುಂಡಿ? ಇದ್ದಕ್ಕಿದ್ದಂಗೆ ಕೆಮ್ಮು ಬಂದಿತ್ತಾ?"

"ಇಲ್ಲ ಸಾರ್," ಎಂದೆ.

ನಾಲಿಗೆ ತಾನೇ ಆಡಿತು. ನನಗೆ ಯೋಚನೆ ಮಾಡಲು ಪುರಸೊತ್ತು ಕೊಡಲಿಲ್ಲ. ಇನ್ನೊಂದು ಸಲ ಕೇಳುತ್ತಾರೆ, ಆಗ ಹೇಳುತ್ತೇನೆ ಅನ್ನುವಷ್ಟರಲ್ಲಿ ಡಾಕ್ಟರು ತಲೆಯಾಡಿಸಿ ಚೀಟಿ ಎಳೆದುಕೊಂಡು ಬರೆಯತೊಡಗಿದರು. ನ್ಯುಮೋನಿಯಾ ಇರಬೇಕು ಎಂದು ನರ್ಸಿಗೆ ಹೇಳಿದರು.

"ಐತೆ ಸಾರ್."

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಮುಂದೆ ಬಂದರು.

"ಶೇಂಗಾ ಬೀಜ. ನಾನೇ ಕೊಟ್ಟೆ. ಮೊನ್ನೆ ಹನ್ನೊಂದು ಗಂಟೆ ಹೊತ್ನಾಗೆ. ಎರಡು ಬೀಜ, ಸಿಪ್ಪೆ ತೆಗೆದದ್ದು. ಕೊಟ್ಟ ಮ್ಯಾಲೆ ಅತ್ಲು, ಆಗ ನೆತ್ತಿ ಹತ್ತಿ ಮುಖ ಕಪ್ಪಾತು. ಆಮ್ಯಾಲೆ ಚೆನ್ನಾಗೇ ಆಡಿದ್ಲು ಸಾರ್."

ಎರಡು ಬೀಜ. ಸಿಪ್ಪೆ ತೆಗೆದದ್ದು. ಕೊಟ್ಟವಳನ್ನು ಬಿಟ್ಟರೆ ನೋಡಿದವರಿಗೆ ಮಾತ್ರ ಗೊತ್ತಿರುವ ಮಾತು ಅದು. ಅತ್ತೆ ಎಲ್ಲವನ್ನೂ ನೋಡಿದ್ದರು.

ಡಾಕ್ಟರು ಬರೆಯುತ್ತಿದ್ದ ಚೀಟಿ ಹರಿದರು. ಎದ್ದು ನಿಂತೇ ಅತ್ತೆಯನ್ನು ಬೈದರು. "ಅಜ್ಜಿ, ಮೂರು ದಿನ ಏನ್ ಮಾಡ್ತಿದ್ರಿ? ಇಷ್ಟು ಸಣ್ಣ ಮಗೂಗೆ ಶೇಂಗಾ ಕೊಡ್ತಾರೇನ್ರಿ? ತಾಯಿಗೂ ಹೇಳಿಲ್ಲ ನೀವು. ಈಗ್ಲೂ ಹೇಳದೇ ಇದ್ದಿದ್ರೆ ನಾನು ನ್ಯುಮೋನಿಯಾ ಅಂತ ಇಂಜೆಕ್ಷನ್ ಕೊಡ್ತಾ ಕೂತಿರ್ತಿದ್ದೆ. ಶೇಂಗಾ ಎಕ್ಸ್-ರೇನಲ್ಲೂ ಕಾಣಲ್ಲ, ಗೊತ್ತಾ?" ಅತ್ತೆ ಕೈ ಮುಗಿದುಕೊಂಡು ನಿಂತಿದ್ದರು. "ತಪ್ಪಾತು ಸಾರ್, ಕೂಸನ್ನ ಉಳಿಸ್ರಿ" ಎಂದಷ್ಟೇ ಅಂದರು. ತಾಯಿಗೂ ಹೇಳಿಲ್ಲ ಎಂಬ ಮಾತಿಗೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರು ತಾವೇ ದಾವಣಗೆರೆಗೆ ಫೋನ್ ಮಾಡಿ, ಆಕ್ಸಿಜನ್ ಇರುವ ಗಾಡಿ ತರಿಸಿ ಕಳಿಸಿದರು. ಬೀಜ ಊದಿಕೊಂಡಿದೆ, ಸರಿದು ಇನ್ನೊಂದು ಕಡೆಗೂ ಅಡ್ಡ ಬಂದರೆ ಕಷ್ಟ ಎಂದು ದಾರಿಗೆ ಜೊತೆಗೆ ಬಂದ ನರ್ಸಿಗೆ ಹೇಳಿದ್ದು ನನಗೂ ಕೇಳಿಸಿತು. ಆ ದಾರಿಯ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಗಾಡಿಯ ತಗಡಿನ ಗೋಡೆ, ಮಗಳ ಮೂಗಿನ ಮೇಲಿನ ಮಾಸ್ಕು, ಅದರೊಳಗೆ ಮೂಡಿ ಅಳಿಯುವ ಹಬೆ. ಹಬೆ ಮೂಡಿದರೆ ಉಸಿರು ಇದೆ. ಅದೊಂದನ್ನೇ ನೋಡುತ್ತ ಹೋದೆ.

ದಾವಣಗೆರೆಯಲ್ಲಿ ಮಗಳಿಗೆ ಮಂಪರು ಕೊಟ್ಟು, ಬಾಯಿಯ ಮೂಲಕ ಕೊಳವೆ ಇಳಿಸಿ, ಬೀಜ ತೆಗೆದರು. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ತಂದು ತೋರಿಸಿದರು. ಅರ್ಧ ಹೋಳು, ನೆನೆದು ದಪ್ಪವಾಗಿ ಬೆಳ್ಳಗಿತ್ತು. ಸಂಜೆ ಗೇಟಿನಲ್ಲಿ ಫೋನ್ ತೆಗೆದುಕೊಂಡಾಗ ನಾನು ಕಳಿಸಿದ್ದ ಮೆಸೇಜು ನೋಡಿದ ನನ್ನ ಗಂಡ ಬೈಕಿನಲ್ಲೇ ಅಷ್ಟು ದೂರ ಬಂದುಬಿಟ್ಟಿದ್ದರು. ಮೈಯೆಲ್ಲ ಧೂಳು. ಮಗಳು ಉಸಿರಾಡುವುದನ್ನು ನೋಡಿದ ಮೇಲೆ ಕೇಳಿದರು, "ಯಾರು ಕೊಟ್ಟಿದ್ದು?"

"ನಾನೇ ಕಣಪ್ಪ," ಎಂದರು ಅತ್ತೆ.

ತಾಯಿಯ ಮುಂದೆ ಯಾವತ್ತೂ ದನಿ ಏರಿಸದ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂಗಿದರು. "ಅವ್ವ, ಇವಳು ಅವತ್ತೇ ಬಡ್ಕೊಂಡ್ಲು, ಕಾಳು ಕೊಡ್ಬೇಡ್ರಿ ಅಂತ. ಕೇಳಿದ್ಯಾ ನೀನು? ನನ್ ಮಗಳನ್ನ ಕೊಲ್ತಿದ್ಯಲ್ಲ." ಅತ್ತೆ ನೆಲ ನೋಡುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ, ತೊಡೆಯ ಮೇಲೆ ಮಗಳ ಬಟ್ಟೆಯ ಗಂಟು. ಬಾಯಿ ಜೋರು ಎಂದು ಊರಿಗೆಲ್ಲ ಹೆಸರಾದವಳಿಗೆ ಅವತ್ತು ಬಾಯಿಯೇ ಇರಲಿಲ್ಲ. ಈಗ ಹೇಳಿದರೆ ಇವರ ಸಿಟ್ಟು ಇನ್ನೂ ಕೆರಳುತ್ತದೆ, ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಮನೆಗೆ ಹೋದ ಮೇಲೆ, ಮಗು ಚೇತರಿಸಿಕೊಳ್ಳಲಿ ಎಂದುಕೊಂಡೆ. ಮಗು ಚೇತರಿಸಿಕೊಂಡು ಓಡಾಡತೊಡಗಿದ ಮೇಲೆ, ಇನ್ನು ಯಾಕೆ ಎಂದುಕೊಂಡೆ.

ಊರಿನಲ್ಲಿ ಕತೆ ಗಟ್ಟಿಯಾಯಿತು. ಅಜ್ಜಿ ಶೇಂಗಾ ಕೊಟ್ಟಳಂತೆ, ಮೂರು ದಿನ ಮುಚ್ಚಿಟ್ಟಳಂತೆ, ಸೊಸೆ ಹಟ ಮಾಡಿ ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದಕ್ಕೆ ಉಳಿಯಿತಂತೆ. ಈ ಕೊನೆಯ ಮಾತನ್ನು ಯಾರು ಸೇರಿಸಿದರೋ ಗೊತ್ತಿಲ್ಲ; ನಾನಲ್ಲ, ಆದರೆ ಅದು ಸುಳ್ಳು ಎಂದೂ ಹೇಳಲಿಲ್ಲ. ಒಂದು ದಿನ ಪಕ್ಕದ ಮನೆಯವಳ ಮೊಮ್ಮಗ ಅಂಬೆಗಾಲಿಟ್ಟು ಬಂದು ಅತ್ತೆಯ ತೊಡೆ ಹತ್ತಿದ. ಅವಳು ಒಲೆಯ ಮೇಲಿನ ಕೆಲಸ ಬಿಟ್ಟು ಓಡಿ ಬಂದು, ನಗುನಗುತ್ತಲೇ, ಮಗುವನ್ನು ಎತ್ತಿಕೊಂಡು ಹೋದಳು. ಅತ್ತೆ ಖಾಲಿಯಾದ ತೊಡೆಯ ಮೇಲಿನ ಸೀರೆಯನ್ನು ಸರಿಮಾಡಿಕೊಂಡರು. ಓಣಿಯ ಅರ್ಧ ಮಕ್ಕಳಿಗೆ ಎರೆದು, ತೊಟ್ಟಿಲು ತೂಗಿ ಬೆಳೆಸಿದ ಹೆಂಗಸು ಅವರು.

ಆ ದೀಪಾವಳಿ ಮುಗಿದ ಮೇಲೆ, ಹೊಲದಲ್ಲಿ ನಾವಿಬ್ಬರೇ ಇದ್ದಾಗ, ಕೇಳಿಬಿಟ್ಟೆ. "ನೀವು ನೋಡಿದ್ರಲ್ಲ ಅತ್ತೆ. ಯಾಕೆ ನಾನೇ ಅಂದ್ರಿ?"

ಅತ್ತೆ ಕಿತ್ತ ಗಿಡದ ಮಣ್ಣು ಕೊಡವುತ್ತಲೇ ಹೇಳಿದರು. "ನೀನು ಹೇಳ್ತೀಯ ಹೇಳ್ತೀಯ ಅಂತ ಮೂರು ದಿನ ಕಾದೆ. ಅಷ್ಟು ಕಾದದ್ದು ನಂದೂ ತಪ್ಪೇ. ಅಲ್ಲಿ ಡಾಕ್ಟ್ರ ಮುಂದೆ ಇಲ್ಲ ಅಂದ್ಯಲ್ಲ, ಆಗ ಇನ್ನ ಕಾಯಾಕೆ ಹೊತ್ತಿರ್ಲಿಲ್ಲ. ನೀನು ಕೊಟ್ಟೆ ಅಂತ ನಾನು ಅಂದಿದ್ರೆ ನೀನು ಬಿಡ್ತಿದ್ಯಾ? ಇಲ್ಲ, ಈ ಮುದುಕಿ ಸುಳ್ಳು ಹೇಳ್ತಾಳೆ ಅಂತ ಅಲ್ಲೇ ಜಗಳಕ್ಕೆ ನಿಲ್ತಿದ್ದೆ. ನೀನು ಟೀಚರು. ನಾನು ಹೆಬ್ಬೆಟ್ಟು. ಅವರು ಯಾರನ್ನ ನಂಬ್ತಿದ್ರು? ನಾನೇ ಕೊಟ್ಟೆ ಅಂದ್ರೆ ಯಾರೂ ಅಲ್ಲ ಅನ್ನಲ್ಲ. ಬಿರ್ರನೆ ಕೆಲಸ ಆಗ್ತೈತೆ."

ತ್ಯಾಗ, ಗೀಗ ಎಂದು ನಾನು ಮನಸ್ಸಿನಲ್ಲಿ ಏನೇನೋ ಕಟ್ಟಿಕೊಂಡಿದ್ದೆ. ಅಂಥದ್ದೇನೂ ಇರಲಿಲ್ಲ. ನನ್ನ ಬಾಯಿ ಎಂಥದ್ದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಸುತ್ತಿ ಹೋಗಲು ಹತ್ತಿರದ ದಾರಿ ಹುಡುಕಿದ್ದರು, ಅಷ್ಟೆ. ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನಾನು ಅಳತೊಡಗಿದೆ. "ಅವರಿಗೆ ಹೇಳ್ತೀನಿ ಅತ್ತೆ, ಇವತ್ತೇ ಹೇಳ್ತೀನಿ" ಎಂದೆ. "ಹೇಳಂಗಿದ್ರೆ ಹೇಳು" ಎಂದು ಅವರು ಮುಂದಿನ ಸಾಲಿಗೆ ಹೋದರು. ನಾನು ಹೇಳಲಿಲ್ಲ. ಆಮೇಲೆ ಐದು ಸಲ ಬಿತ್ತನೆಗೆ ಬೀಜ ಸುಲಿದೆವು, ಹೇಳಲಿಲ್ಲ.

ಈ ವರ್ಷವೂ ಪಡಸಾಲೆಯಲ್ಲಿ ಕೂತಿದ್ದೆವು. ಮಗಳಿಗೆ ಈಗ ಏಳೂವರೆ, ನನಗಿಂತ ಬಾಯಿ ಜೋರು. ಭಾನುವಾರವಾದ್ದರಿಂದ ನನ್ನ ಗಂಡ ಮನೆಯಲ್ಲಿದ್ದರು, ಒಂದು ಮೂಲೆಯಲ್ಲಿ ಹರಿದ ಚೀಲ ಹೊಲಿಯುತ್ತಿದ್ದರು. ಪಕ್ಕದ ಮನೆಯವಳು ಮಗಳನ್ನು ರೇಗಿಸಿದಳು. "ಅಜ್ಜಿ ಹತ್ರ ಕೂತ್ಕೊಂಡೀಯಲ್ಲೇ, ಹುಷಾರು, ಬಾಯಿಗೆ ಬೀಜ ಹಾಕ್ಬಿಟ್ಟಾಳು." ಎಲ್ಲರೂ ನಕ್ಕರು. ಪ್ರತಿ ವರ್ಷ ಯಾರಾದರೊಬ್ಬರು ಈ ಮಾತು ಆಡುತ್ತಾರೆ, ಪ್ರತಿ ವರ್ಷ ಅತ್ತೆಯೂ ಜೊತೆಗೆ ನಗುತ್ತಾರೆ. ಈ ಸಲ ಮಗಳು ನಗಲಿಲ್ಲ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ಅಜ್ಜಿಯ ಪಕ್ಕದಿಂದ ಸ್ವಲ್ಪ ಸರಿದು ಕೂತು ಕೇಳಿದಳು.

"ಅಜ್ಜಿ, ನಾನು ಸಾಯ್ತೀನಿ ಅಂತ ಗೊತ್ತಿದ್ದೂ ಯಾಕೆ ಮೂರು ದಿನ ಯಾರಿಗೂ ಹೇಳ್ಲಿಲ್ಲ ನೀನು?"

ಅತ್ತೆಯ ನಗು ಮುಖದ ಮೇಲೇ ನಿಂತಿತು. ಅವಳು ಸರಿದು ಕೂತ ಆ ಒಂದು ಗೇಣು ಜಾಗವನ್ನು ನೋಡುತ್ತಿದ್ದರು.

"ಅಜ್ಜಿ ಅಲ್ಲ," ಎಂದೆ. "ನಾನು ಕೊಟ್ಟಿದ್ದು. ಮುಚ್ಚಿಟ್ಟದ್ದೂ ನಾನೇ. ಅಜ್ಜಿ ಹೇಳಿದ್ದಕ್ಕೆ ನೀನು ಬದುಕಿದೆ."

ಕಾಯಿ ಕುಕ್ಕುವ ಸದ್ದು ನಿಂತಿತು. ಮಗಳು ನನ್ನ ಮುಖ, ಅಜ್ಜಿಯ ಮುಖ ನೋಡುತ್ತಿದ್ದಳು. ಅತ್ತೆಯೇ ಮೊದಲು ಮಾತಾಡಿದರು. "ಯಾರು ಕೊಟ್ರೆ ಏನೀಗ. ಹೊತ್ತಾತು, ಆ ಕಾಯಿ ಇತ್ತ ತಳ್ಳೇ." ಮಗಳು ಕಾಯಿಯ ಮೊರವನ್ನು ತಳ್ಳುತ್ತ ತಾನೂ ಅಜ್ಜಿಯ ಹತ್ತಿರಕ್ಕೆ ಸರಿದಳು.

ನನ್ನ ಗಂಡ ಸೂಜಿಯನ್ನು ಚೀಲಕ್ಕೆ ಚುಚ್ಚಿ ಹಾಗೇ ಬಿಟ್ಟಿದ್ದರು. ಅವರು ತಾಯಿಯ ಕಡೆ ನೋಡಲಿಲ್ಲ, ನೋಡಲು ಆಗಲಿಲ್ಲ ಅನ್ನಿಸುತ್ತದೆ. ನನ್ನನ್ನು ಕೇಳಿದರು.

"ಅವತ್ತು ಆಸ್ಪತ್ರೆನಾಗೆ ನಾನು ಅವ್ವನ್ನ ಬೈಯುವಾಗ ನೀನು ಪಕ್ಕದಾಗೇ ಇದ್ಯಲ್ಲ?"

"ಇದ್ದೆ," ಎಂದೆ.